ಸುಣ್ಣದ ಗೂಡಿನಿಂದ ಮೇಲಕ್ಕೆ

"ಮನೆಯವ್ರಿಗೆ ಗೊತ್ತಾ ಅಕ್ಕಾ?" ಎಂದು ಟೈರ್ ಅಂಗಡಿಯವನು ಕೇಳಿದ. ಆಗಲೇ ನನ್ನ ಕಾರು ಮರದ ದಿಮ್ಮಿಗಳ ಮೇಲೆ ನಿಂತಿತ್ತು, ನಾಲ್ಕೂ ಚಕ್ರಗಳು ಕಳಚಿ ಗೋಡೆಗೆ ಒರಗಿದ್ದವು. ಇಷ್ಟೆಲ್ಲ ಬಿಚ್ಚಿಹಾಕಿದ ಮೇಲೆ ಕೇಳುವ ಮಾತೇ ಅದು? ಸಂಜೆ ಮನೆ ಮುಂದೆ ನಿಲ್ಲಿಸಿದಾಗ ಹೇಗೂ ಕಣ್ಣಿಗೆ ಬೀಳುತ್ತದೆ, ಆಗ ಗೊತ್ತಾಗಲಿ, ನೀನು ನಿನ್ನ ಕೆಲಸ ನೋಡು ಎಂದೆ. ಅವನಿಗೆ ನನ್ನ ಬಾಯಿಯ ಪರಿಚಯವಿದೆ. ತೆಪ್ಪಗೆ ಸ್ಪ್ಯಾನರ್ ಎತ್ತಿಕೊಂಡ.

ಇವನನ್ನು ಎಲ್ಲರೂ ಗಾಳಿಯಣ್ಣ ಎಂದೇ ಕರೆಯುವುದು. ನಮ್ಮ ಬೀದಿಯ ಕೊನೆಯಲ್ಲೇ ಅವನ ಅಂಗಡಿ. ಜೀಪಿಗೆ ಹಾಕುವಂಥ ದಪ್ಪ ಟೈರು ಬೇಕೆಂದು ನಾನು ಹಟ ಹಿಡಿದಿದ್ದೆ. ಅವನು ಒಪ್ಪಲಿಲ್ಲ. ಈ ಕಾರಿಗೆ ಒಂದು ಅಳತೆ ಮೇಲಕ್ಕೆ ಹೋಗಬಹುದು ಅಷ್ಟೇ, ಅದಕ್ಕಿಂತ ಹೆಚ್ಚಾದರೆ ಸ್ಟೀರಿಂಗ್ ತಿರುಗಿಸಿದ ಕೂಡಲೇ ಚಕ್ರ ಗಾಡಿಯ ಮೈಗೆ ತಾಗುತ್ತದೆ ಎಂದ. ಟೈರು ಎಷ್ಟು ಎತ್ತರವಾಯಿತೋ ಕಾರಿನ ಹೊಟ್ಟೆ ಅದರ ಅರ್ಧದಷ್ಟು ಮಾತ್ರ ಮೇಲೇಳುತ್ತದೆ, ಮೈಲೇಜು ಇಳಿಯುತ್ತದೆ, ಸ್ಪೀಡಿನ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ ಎಂದೂ ಹೇಳಿದ. ಭಾರ ತಡೆಯುವ ಗಟ್ಟಿ ಟೈರು ಹಾಕುತ್ತೇನೆ, ಆದರೆ ಟೈರು ಗಟ್ಟಿಯಾಯಿತು ಅಂತ ಮನೆ ಸಾಮಾನೆಲ್ಲ ತುಂಬಬೇಡಿ ಎಂದು ಬುದ್ಧಿಮಾತನ್ನೂ ಸೇರಿಸಿದ. ಹಾಕಿ ಮುಗಿಸಿದ ಮೇಲೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಬಗ್ಗಿ ನೋಡಿ, ಎಲ್ಲೂ ತಾಗುತ್ತಿಲ್ಲ ಎಂದ. ನಾನೂ ಮಂಡಿಯೂರಿ ನೋಡಿದೆ. ಎಲ್ಲೂ ತಾಗುತ್ತಿರಲಿಲ್ಲ.

ಆ ಕಾರು ಹೈಬ್ರಿಡ್. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು. ಸಿಗ್ನಲ್ಲಿನಲ್ಲಿ ನಿಂತಾಗ ಸತ್ತೇ ಹೋಯಿತೇನೋ ಅನ್ನುವಷ್ಟು ಸದ್ದಿಲ್ಲದೆ ನಿಲ್ಲುತ್ತದೆ. ನಯವಾದ ರಸ್ತೆಯಲ್ಲಿ ಅದರಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ. ಕಲ್ಲು ಕಂಡರೆ ಮಾತ್ರ ಬಸುರಿ ಬೆಕ್ಕಿನ ಹಾಗೆ ಹೊಟ್ಟೆ ಎಳೆಯುತ್ತದೆ. ನನ್ನ ಯಜಮಾನರು ಅದನ್ನು ಕೊಂಡು ಟ್ಯಾಕ್ಸಿ ಓಡಿಸುತ್ತಿದ್ದರು. ಅವರ ಬೆನ್ನು ಕೈಕೊಟ್ಟ ಮೇಲೆ ಓಡಿಸುತ್ತಿರುವವಳು ನಾನು. ಅವರು ಸೊಂಟಕ್ಕೆ ಅಗಲದ ಬೆಲ್ಟು ಬಿಗಿದುಕೊಂಡು ಮನೆಯಲ್ಲಿ ಕೂತು, ನಾನು ಬ್ರೇಕ್ ಒತ್ತಿದ ರೀತಿಯ ಬಗ್ಗೆ ಟೀಕೆ ಮಾಡುತ್ತಾರೆ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಮ್ಮದೊಂದು ಸರದಿ ಇದೆ. ಸರದಿ ಎಂದರೆ ಸಾಲಿನಲ್ಲಿ ನಿಲ್ಲುವ ಹಕ್ಕು. ಅದು ಯಜಮಾನರ ಹೆಸರಿನಲ್ಲಿದೆ, ನಿಲ್ಲುವವಳು ನಾನು. ಸರದಿಯಿಲ್ಲದ ಗಾಡಿ ಆ ಕಡೆ ತಲೆ ಹಾಕುವ ಹಾಗಿಲ್ಲ. ಸ್ಟ್ಯಾಂಡಿನ ಅಧ್ಯಕ್ಷರು ಯಜಮಾನರ ಅಣ್ಣ, ನನ್ನ ಭಾವ. ತಮ್ಮನು ಹಾಸಿಗೆ ಹಿಡಿದಾಗ ಅವನ ಹೆಂಡತಿಗೆ ಸರದಿ ಬಿಟ್ಟುಕೊಡಿ ಎಂದು ಎಲ್ಲರ ಬಾಯಿ ಮುಚ್ಚಿಸಿದವರು ಅವರೇ. ಆ ಉಪಕಾರವನ್ನು ನಾನು ಮರೆತಿಲ್ಲ. ಅವರು ಮರೆಯಲು ಬಿಟ್ಟೂ ಇಲ್ಲ.

ಸ್ಟ್ಯಾಂಡಿಗೆ ಒಂದು ಕಟ್ಟುಪಾಡು: ಗುಡ್ಡದ ಬುಡದಲ್ಲಿ ಹಿಂದೆ ಸುಣ್ಣ ಸುಡುತ್ತಿದ್ದ ಗೂಡೊಂದಿದೆ; ಆ ಸುಣ್ಣದ ಗೂಡಿನ ತಿರುವು ದಾಟಿ ಯಾರೂ ಮೇಲೆ ಹೋಗಬಾರದು. ಗೂಡಿನಿಂದ ಮುಂದಕ್ಕೆ ಗುಡ್ಡದ ಮೇಲಿನ ಓಣಿಗೆ ಹೋಗುವ ರಸ್ತೆಯಲ್ಲಿ ಡಾಂಬರು ಎದ್ದುಹೋಗಿ ಬರೀ ಕಲ್ಲು ಉಳಿದಿದೆ. ಒಮ್ಮೆ ಅಲ್ಲಿ ಭಾವನ ಕಾರಿನ ಅಡಿ ಹರಿದು ಹೋಗಿತ್ತು. ರಸ್ತೆ ಸರಿಮಾಡುವವರೆಗೆ ನಾವು ಹತ್ತುವುದಿಲ್ಲ ಎಂದು ಅವತ್ತು ತೀರ್ಮಾನವಾಯಿತು. ರಸ್ತೆ ಮಾಡಬೇಕಾದವರು ತಮ್ಮ ಪಾಡಿಗೆ ತಾವು ಹಾಯಾಗಿದ್ದಾರೆ, ಅನುಭವಿಸುತ್ತಿರುವವರು ಮೇಲಿನ ಓಣಿಯವರು. ಅವರು ಸ್ಟ್ಯಾಂಡಿಗೆ ಬಂದು ಕೇಳಿದರೆ ಗಾಡಿ ಖಾಲಿ ಇಲ್ಲ ಅನ್ನಬೇಕು. ಖಾಲಿ ಗಾಡಿಗಳು ಸಾಲಾಗಿ ನಿಂತಿರುವುದನ್ನು ಅವರು ಕಣ್ಣಾರೆ ನೋಡುತ್ತಲೇ ಇರುತ್ತಾರೆ.

ಆ ಮೇಲಿನ ಓಣಿ ನನ್ನ ತವರು. ಮದುವೆಯಾಗಿ ಗುಡ್ಡ ಇಳಿದವಳು ನಾನು. ತವರಿಗೆ ಹೊರಟಾಗಲೆಲ್ಲ ಯಜಮಾನರು ಗೂಡಿನವರೆಗೆ ಕಾರಿನಲ್ಲಿ ತಂದು ಬಿಟ್ಟು, ಹುಷಾರು ಎಂದು ಹೇಳಿ ಗಾಡಿ ತಿರುಗಿಸುತ್ತಿದ್ದರು. ಮಗುವನ್ನು ಎತ್ತಿಕೊಂಡೂ ಹತ್ತಿದ್ದೇನೆ, ಜ್ವರ ಇದ್ದಾಗಲೂ ಹತ್ತಿದ್ದೇನೆ. ಟ್ಯಾಕ್ಸಿಯವನ ಹೆಂಡತಿ ನಡೆದುಕೊಂಡು ಬಂದಳು ಎಂದು ಓಣಿಯವರು ನಗುತ್ತಿದ್ದರು. ಅವರ ನಗೆಯಲ್ಲಿ ಕೆಟ್ಟತನವಿರಲಿಲ್ಲ, ಆದರೂ ನನಗೆ ಮೈ ಉರಿಯುತ್ತಿತ್ತು.

ಟೈರ್ ಅಂಗಡಿಗೆ ನನ್ನನ್ನು ತಳ್ಳಿದ್ದು ಇನ್ನೊಂದು ನಗೆ. ನನ್ನ ಚಿಕ್ಕಮ್ಮನಿಗೆ ಮಂಡಿಯ ಆಪರೇಷನ್ ಆಗಿತ್ತು. ಆಸ್ಪತ್ರೆಯಿಂದ ಗೂಡಿನವರೆಗೆ ನಾನೇ ಕರೆದುಕೊಂಡು ಬಂದೆ. ಅಲ್ಲಿಂದ ಅವಳ ಇಬ್ಬರು ಮಕ್ಕಳು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ಹೊತ್ತುಕೊಂಡು ಹತ್ತಿದರು. ನಮ್ಮ ಹಿಂದೆಯೇ ಇನ್ಯಾರನ್ನೋ ಇಳಿಸಲು ಬಂದಿದ್ದ ನಮ್ಮ ಸ್ಟ್ಯಾಂಡಿನವನೊಬ್ಬ ಅದನ್ನು ಫೋನಿನಲ್ಲಿ ಹಿಡಿದು, ಪಲ್ಲಕ್ಕಿ ಸರ್ವಿಸ್ ಶುರು ಎಂದು ಬರೆದು ಸ್ಟ್ಯಾಂಡಿನ ಗ್ರೂಪಿಗೆ ಹಾಕಿದ. ಅದರ ಕೆಳಗೆ ಸಾಲು ಸಾಲಾಗಿ ನಗುವ ಮುಖಗಳು. ಒಂದು ನಗುವ ಮುಖ ಭಾವನದು. ಯಜಮಾನರೂ ನೋಡಿದರು, ಫೋನನ್ನು ಬೋರಲು ಮಾಡಿ ಇಟ್ಟರು. ನಗದಿದ್ದುದಕ್ಕೆ ಅವರನ್ನು ಮೆಚ್ಚಬೇಕೋ, ಒಂದು ಮಾತೂ ಆಡದಿದ್ದುದಕ್ಕೆ ಬೈಯಬೇಕೋ ನನಗೆ ಗೊತ್ತಾಗಲಿಲ್ಲ.

ಸಂಜೆ ಹೊಸ ಟೈರಿನ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿದೆ. ಯಜಮಾನರು ಗೋಡೆ ಹಿಡಿದುಕೊಂಡು ಹೊರಗೆ ಬಂದು ಒಂದು ಸುತ್ತು ಹಾಕಿದರು. ಕೂಸಿಗೆ ಯಾರೋ ದೊಡ್ಡವರ ಚಪ್ಪಲಿ ತೊಡಿಸಿದ್ದಾರೆ ಎನ್ನುವಂತೆ ನೋಡಿದರು.

"ಕಂಪನಿಯವ್ರೇನು ದಡ್ಡರಾ?" ಎಂದರು.

ಕಂಪನಿಯವರು ದಡ್ಡರಲ್ಲ, ಅವರು ನಮ್ಮ ಗುಡ್ಡ ನೋಡಿಲ್ಲ ಅಷ್ಟೇ ಎಂದೆ. ಅಲ್ಲಿಗೆ ನಮ್ಮ ಮಾತು ನಿಂತಿತು. ಆಮೇಲೆ ಅವರು ಏನು ಹೇಳಬೇಕಿದ್ದರೂ ಗೋಡೆಗೆ ಹೇಳಿದರು. ಟೀ ಆರಿದೆ ಎಂದು ಗೋಡೆಗೆ ಹೇಳಿದರು. ನಾಳೆ ಅಣ್ಣನ ಮುಂದೆ ತಲೆ ಎತ್ತುವ ಹಾಗಿಲ್ಲ ಎಂದೂ ಗೋಡೆಗೇ ಹೇಳಿದರು. ಗೋಡೆಯ ಪರವಾಗಿ ನಾನೂ ಸುಮ್ಮನಿದ್ದೆ. ಇಂಥ ಮುನಿಸಿಗೆಲ್ಲ ಸೊಪ್ಪು ಹಾಕುವವಳು ನಾನಲ್ಲ.

ಮಾರನೆಯ ದಿನ ಸ್ಟ್ಯಾಂಡಿನಲ್ಲಿ ನನ್ನ ಗಾಡಿಯ ಸುತ್ತ ಸಂತೆ ನೆರೆಯಿತು. ಒಬ್ಬ ಒಂಟೆ ಎಂದ. ಇನ್ನೊಬ್ಬ ಹತ್ತಲು ಏಣಿ ಎಲ್ಲಿ ಎಂದ. ಭಾವ ನಗಲಿಲ್ಲ. ಅವರಿಗೆ ವಿಷಯ ತಕ್ಷಣ ಅರ್ಥವಾಗಿತ್ತು. ಪಕ್ಕಕ್ಕೆ ಕರೆದು, ಶೋಕಿಗೆ ಹಾಕಿಸಿದ್ದರೆ ಸರಿ, ಗೂಡು ದಾಟುವುದಕ್ಕೆ ಹಾಕಿಸಿದ್ದರೆ ಈಗಲೇ ಯೋಚನೆ ಮಾಡು ಎಂದರು. ನಮ್ಮ ಮನೆಯವಳೇ ಕಟ್ಟುಪಾಡು ಮುರಿದರೆ ನಾನು ಇನ್ನೊಬ್ಬರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೇಳಿದರು. ಗೂಡು ದಾಟಿದ ದಿನ ತಮ್ಮನ ಸರದಿ ಹೋಯಿತು ಎಂದು ತಿಳಿದುಕೋ ಎಂದರು. ಅದು ಬಾಯಿಮಾತಿನ ಬೆದರಿಕೆಯಲ್ಲ. ಸರದಿ ಹೋದರೆ ನಮಗೆ ಸ್ಟ್ಯಾಂಡಿಲ್ಲ, ಸ್ಟ್ಯಾಂಡಿಲ್ಲದಿದ್ದರೆ ಗಿರಾಕಿಯಿಲ್ಲ. ಮನೆಯಲ್ಲಿ ದುಡಿಯುವ ಕೈ ನನ್ನದೊಂದೇ.

ನಾನು ಉತ್ತರ ಕೊಡುವ ಮೊದಲೇ ಒಬ್ಬ ಗಾರೆ ಮೇಸ್ತ್ರಿ ಬಂದ. ಮೇಲಿನ ಓಣಿಯವನು, ನನ್ನ ಮುಖಪರಿಚಯದವನು. ಊರಿನವರಿಗೆಲ್ಲ ನೆಲ ಹಾಕಿಕೊಟ್ಟು, ಕೊನೆಗೆ ತನ್ನ ಮನೆಗೂ ಟೈಲ್ಸ್ ಕೊಂಡಿದ್ದ. ಪೆಟ್ಟಿಗೆಗಳ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ಮೇಲಕ್ಕೆ ಬರುತ್ತೀರಾ ಎಂದು ಕೇಳುವಾಗಲೇ ಇಲ್ಲ ಎಂಬ ಉತ್ತರವನ್ನು ಅವನು ಮುಖದಲ್ಲಿ ಸಿದ್ಧ ಮಾಡಿಕೊಂಡಿದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಡಿಕ್ಕಿ ತೆಗೆದೆ. ಎಲ್ಲರ ಕಣ್ಣೆದುರಿಗೇ ಪೆಟ್ಟಿಗೆಗಳನ್ನು ತುಂಬಿಸಿ, ಗಂಡಹೆಂಡಿರನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ಸ್ಟ್ಯಾಂಡಿನ ಬಾಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಹಂಪ್ ಇದೆ. ಮುಂದಿನ ಚಕ್ರ ಹತ್ತಿ ಇಳಿಯಿತು. ಹಿಂದಿನದು ಇಳಿಯುವಾಗ ಗರ್ರೆಂದು ಒಂದು ಸದ್ದು ಬಂತು ನೋಡಿ, ಹಲ್ಲು ಜುಂ ಎಂದಿತು. ಇನ್ನಷ್ಟು ಮುಂದೆ ಹೋದರೆ ಪ್ರತಿ ಗುಂಡಿಗೂ ಅದೇ ಸದ್ದು. ಇಳಿದು ನೋಡಿದೆ. ಭಾರಕ್ಕೆ ಗಾಡಿಯ ಹಿಂಭಾಗ ಕುಸಿದು, ಚಕ್ರದ ಮೇಲಿನ ಕಮಾನಿನ ಒಳಗಿರುವ ಪ್ಲಾಸ್ಟಿಕ್ ಹೊದಿಕೆಗೆ ಹೊಸ ಟೈರು ಉಜ್ಜುತ್ತಿತ್ತು. ಹಿಂದಿನಿಂದ ಸ್ಟ್ಯಾಂಡಿನ ನಗೆ ಕೇಳಿಸಿತು. ಆ ನಗೆ ನನಗೆ ಇವತ್ತಿಗೂ ಕಿವಿಯಲ್ಲಿದೆ. ಮೇಸ್ತ್ರಿ ಇಳಿದುಬಿಡುತ್ತೇವಮ್ಮಾ ಎಂದ. ಕೂತಿರಿ ಎಂದು ಗದರಿ, ಗಾಡಿ ತಿರುಗಿಸಿ ನಿಧಾನಕ್ಕೆ ಗಾಳಿಯಣ್ಣನ ಅಂಗಡಿಯವರೆಗೆ ಉಜ್ಜಿಕೊಂಡೇ ಹೋದೆ.

ತಪ್ಪು ಎಲ್ಲಾಯಿತು ಎಂದು ಹೊಳೆದದ್ದು ಅಲ್ಲಿ. ಗ್ಯಾರೇಜಿಗೆ ಗಾಡಿ ಬಿಡುವಾಗ ಅದರಲ್ಲಿ ಒಂದು ಕರವಸ್ತ್ರವನ್ನೂ ಬಿಡಬಾರದು ಎಂಬುದು ನಮ್ಮ ಸ್ಟ್ಯಾಂಡಿನವರ ಪದ್ಧತಿ. ಬಿಟ್ಟದ್ದು ಮತ್ತೆ ಸಿಗುವುದಿಲ್ಲ ಎಂಬ ಭಯ. ನನಗೆ ಡ್ರೈವಿಂಗ್ ಹೇಳಿಕೊಡುವಾಗ ಯಜಮಾನರು ಕಲಿಸಿದ ಮೊದಲ ಪಾಠವೇ ಅದು. ನಾನು ಜಾಕಿಯಿಂದ ಹಿಡಿದು ಕಾಲೊರೆಸುವ ಮ್ಯಾಟಿನವರೆಗೆ ಎಲ್ಲ ಇಳಿಸಿ, ಗಾಡಿಯನ್ನು ಬೋಳು ಮಾಡಿ ಒಯ್ದಿದ್ದೆ. ಬೋಳು ಗಾಡಿಯಲ್ಲಿ ಟೈರು ಎಲ್ಲಿ ತಾಗಬೇಕು? ಭಾರ ಹೊರಲೆಂದು ಟೈರು ಹಾಕಿಸಿ, ಭಾರವೇ ಇಲ್ಲದೆ ಪರೀಕ್ಷೆ ಮಾಡಿದ ಜಾಣರು ನಾವಿಬ್ಬರು.

ಸ್ಟ್ಯಾಂಡಿನ ಸುದ್ದಿ ನಮ್ಮ ಮನೆಗೆ ನನಗಿಂತ ಮೊದಲೇ ಮುಟ್ಟಿತ್ತು. ನೋಡುತ್ತೇನೆ, ಬೀದಿಯ ಆ ತುದಿಯಿಂದ ಯಜಮಾನರು ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಬರುತ್ತಿದ್ದಾರೆ. ಬೈಯುವುದಕ್ಕೇ ಬರುತ್ತಿದ್ದಾರೆ ಎಂದುಕೊಂಡು ನಾನೂ ಸೆರಗು ಬಿಗಿದು ತಯಾರಾದೆ. ಇಷ್ಟು ದಿನ ಒಳಗೊಳಗೇ ಕುದಿದದ್ದನ್ನೆಲ್ಲ ಬೀದಿಯಲ್ಲೇ ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ.

"ಖಾಲಿ ಗಾಡೀಲಿ ನೋಡಿದ್ರಾ?" ಎಂದು ಬಂದವರೇ ಗಾಳಿಯಣ್ಣನನ್ನು ಕೇಳಿದರು. ಅವನು ತಲೆ ಕೆರೆದುಕೊಂಡ. ಯಜಮಾನರು ನನ್ನ ಕಡೆ ತಿರುಗಿದರು. ಗೋಡೆಯ ಕಡೆಗಲ್ಲ, ನನ್ನ ಕಡೆಗೆ. "ಖಾಲಿ ಮಾಡಿ ಕೊಡು ಅಂತ ಹೇಳಿಕೊಟ್ಟಿದ್ದು ನಾನೇ ಅಲ್ವಾ," ಎಂದರು.

ನನ್ನ ಬಾಯಲ್ಲಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರು ಹಿಂದಿನ ಬಾಗಿಲು ತೆಗೆದು, ಹಲ್ಲು ಕಚ್ಚಿಕೊಂಡು ಮೇಸ್ತ್ರಿಯ ಪಕ್ಕದಲ್ಲಿ ಕೂತರು. ಮೇಸ್ತ್ರಿಯ ಹೆಂಡತಿಯನ್ನು ಮುಂದಕ್ಕೆ ಕಳಿಸಿದರು. ಈಗ ಗುರುತು ಹಾಕು, ಎಲ್ಲಿ ತಾಗುತ್ತೋ ಅಲ್ಲಿ ಎಂದು ಗಾಳಿಯಣ್ಣನಿಗೆ ಹೇಳಿ, ಕೂತಲ್ಲೇ ಮೈಯ ಭಾರವನ್ನು ಆಚೆ ಈಚೆ ಹಾಕಿದರು. ಆ ಬೆನ್ನಿಟ್ಟುಕೊಂಡು ಅದು ಎಂಥ ನೋವಿನ ಕೆಲಸ ಎಂದು ನನಗೊಬ್ಬಳಿಗೆ ಗೊತ್ತು. ಗಾಳಿಯಣ್ಣ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡ.

ಟೈರು ಮಾತ್ರ ದೊಡ್ಡದಾದರೆ ಸಾಲದು, ಹಿಂದಿನ ಸ್ಪ್ರಿಂಗು ಹಳೆಯದೇ ಇದ್ದರೆ ಭಾರಕ್ಕೆ ಕೂತೇ ಕೂರುತ್ತದೆ ಎಂದು ಯಜಮಾನರು ಪಟ್ಟು ಹಿಡಿದರು. ಪಕ್ಕದ ಗ್ಯಾರೇಜಿನಿಂದ ಬಿಗಿಯಾದ ಸ್ಪ್ರಿಂಗು ಬಂತು. ಗಾಡಿ ಖಾಲಿ ಮಾಡಿ, ಸ್ಪ್ರಿಂಗು ಬದಲಿಸಿ, ಪ್ಲಾಸ್ಟಿಕ್ ಹೊದಿಕೆಯನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ ಹಿಂದಕ್ಕೆ ಒತ್ತಿ ಕೂರಿಸಿ, ಮತ್ತೆ ಭಾರ ಹೇರಿ ನೋಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಪೆಟ್ಟಿಗೆಗಳಲ್ಲಿ ಅರ್ಧ ಇಲ್ಲೇ ಇರಲಿ, ಇನ್ನೊಂದು ಸಲ ಒಯ್ಯೋಣ ಎಂದರು ಯಜಮಾನರು. ಹಿಂದಿನ ಸೀಟಿನ ಬದಿಯಲ್ಲಿ ಬ್ಯಾಟರಿಗೆ ತಂಪುಗಾಳಿ ಹೋಗುವ ಜಾಲರಿ ಇದೆ. ಮೇಸ್ತ್ರಿ ಅದಕ್ಕೆ ಅಡ್ಡಲಾಗಿ ತನ್ನ ಚೀಲ ಒರಗಿಸಿದ್ದ. ಅದರ ಮೂಗು ಮುಚ್ಚಬೇಡ ಮಾರಾಯ ಎಂದು ಅದನ್ನು ತೆಗೆಸಿ, ತಾವು ಮತ್ತೆ ಹಿಂದೆ ಹತ್ತಿ ಕೂತರು.

ನೀವೆಲ್ಲಿಗೆ, ಇಳಿಯಿರಿ ಎಂದೆ. ಮುಂದೆ ಕೂತವರಿಗೆ ಹಿಂದಿನ ಚಕ್ರದ ಸದ್ದು ಕೇಳಿಸುವುದಿಲ್ಲ, ಒಬ್ಬರು ಹಿಂದೆ ಕೂತು ಕಿವಿ ಕೊಡಬೇಕು ಎಂದರು. ಆ ಕಲ್ಲಿನ ರಸ್ತೆಯಲ್ಲಿ ನಿಮ್ಮ ಬೆನ್ನಿನ ಗತಿ ಏನು ಎಂದು ಕೇಳಿದೆ.

"ಹೋಗೋದು ಹೋಗಿದೆ ಬೆನ್ನು. ನೀನು ನಡಿ," ಎಂದರು.

ಗುಡ್ಡಕ್ಕೆ ಹೋಗಬೇಕೆಂದರೆ ಸ್ಟ್ಯಾಂಡಿನ ಮುಂದೆಯೇ ಹಾಯಬೇಕು. ಭಾವ ರಸ್ತೆಯ ನಡುವೆ ಬಂದು ನಿಂತರು. ಬಾನೆಟ್ಟಿನ ಮೇಲೆ ಕೈಯಿಟ್ಟರು. ಹಿಂದಿನ ಸೀಟಿನಲ್ಲಿ ತಮ್ಮನನ್ನು ಕಂಡು ಅವರ ಮುಖ ಇಳಿದುಹೋಯಿತು. ಇಳಿ ತಮ್ಮಾ, ಹೆಂಗಸಿನ ಹಟಕ್ಕೆ ನೀನೂ ತಾಳ ಹಾಕಬೇಡ ಎಂದು ಮೆತ್ತಗೇ ಹೇಳಿದರು. ಪದೇ ಪದೇ ಇಳಿದು ಹತ್ತಲು ಬೆನ್ನು ಕೇಳುವುದಿಲ್ಲ ಅಣ್ಣ ಎಂದು ಇವರೂ ಅಷ್ಟೇ ಮೆತ್ತಗೆ ಹೇಳಿದರು. ಅಣ್ಣನ ಮಾತಿಗೆ ಇವರು ಇಲ್ಲ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು. ಡ್ರೈವರುಗಳೆಲ್ಲ ಟೀ ಲೋಟ ಹಿಡಿದುಕೊಂಡು ಸುತ್ತ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ.

ಭಾವ ನನ್ನ ಕಿಟಕಿಯ ಹತ್ತಿರ ಬಂದರು. "ನೋಡಮ್ಮಾ, ಸರದಿ ನಿಂದಲ್ಲ. ನನ್ನ ತಮ್ಮಂದು. ಅವನು ಬೆವರು ಸುರಿಸಿ ಮಾಡ್ಕೊಂಡಿದ್ದು. ಅದನ್ನ ಕಳೆಯೋಕೆ ನೀನ್ಯಾರು?"

ಆ ಮಾತು ನಾಟಿತು. ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಕನ್ನಡಿಯಲ್ಲಿ ಯಜಮಾನರನ್ನು ನೋಡಿದೆ. ಬೇಡ ಎಂದು ಅವರು ಒಂದು ಸಲ ತಲೆ ಆಡಿಸಿದ್ದರೆ ನಾನು ಅಲ್ಲೇ ಗಾಡಿ ತಿರುಗಿಸುತ್ತಿದ್ದೆ, ಅಷ್ಟು ಹೆದರಿದ್ದೆ. ಅವರು ಕಿವಿಯನ್ನು ಹಿಂದಿನ ಚಕ್ರದ ಕಡೆಗೆ ವಾಲಿಸಿಕೊಂಡು, ಯಾವಾಗ ಹೊರಡುತ್ತೀಯ ಎಂಬಂತೆ ಕೂತಿದ್ದರು.

"ಭಾವ, ಆ ಸರದೀಲಿ ನಿಂತ್ಕೊಂಡು ನಮ್ಮ ಓಣಿಯೋರಿಗೇ ಗಾಡಿ ಖಾಲಿ ಇಲ್ಲ ಅಂತ ಹೇಳ್ಬೇಕು. ಇನ್ನು ಹೇಳಲ್ಲ. ಅದನ್ನ ನೀವೇ ಇಟ್ಕೊಳ್ಳಿ. ದಾರಿ ಬಿಡಿ," ಎಂದೆ.

ಬಿಟ್ಟರು. ಬಿಡದೆ ಏನು ಮಾಡುತ್ತಾರೆ, ನಾನು ಆಗಲೇ ಕಾಲು ಒತ್ತಿದ್ದೆ. ಬ್ಯಾಟರಿಯ ಮೇಲೆ ಹೊರಟ ಗಾಡಿ, ಒಂದು ಸದ್ದೂ ಮಾಡದೆ ಅವರನ್ನು ದಾಟಿತು. ಮುಂದೆ ಅದೇ ಹಂಪು. ಹಿಂದಿನ ಚಕ್ರ ಹತ್ತಿತು, ಇಳಿಯಿತು. ಏನೂ ಉಜ್ಜಲಿಲ್ಲ. ಹಾಂ, ಎಂದರು ಯಜಮಾನರು ಹಿಂದಿನಿಂದ.

ಸುಣ್ಣದ ಗೂಡಿನ ತಿರುವಿನಲ್ಲಿ ನನ್ನ ಕೈ ಅಭ್ಯಾಸಬಲದಿಂದ ಗಾಡಿಯನ್ನು ವಾಪಸ್ಸು ತಿರುಗಿಸಲು ಹೋಯಿತು. ಆ ಕೈಯನ್ನು ಬೈದುಕೊಂಡು ನೇರ ಬಿಟ್ಟೆ. ಮೊದಲ ಕಲ್ಲಿಗೆ ಮೇಸ್ತ್ರಿಯ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಎಂಜಿನ್ನು ಎದ್ದು ಗುರುಗುಟ್ಟಿತು, ಬ್ಯಾಟರಿಯೂ ಜೊತೆಗೆ ಹೆಗಲು ಕೊಟ್ಟಿತು. ಹೊಟ್ಟೆಯ ಕೆಳಗೆ ಕಲ್ಲುಗಳು ಒಂದೊಂದಾಗಿ ಹಾದುಹೋಗುತ್ತಿದ್ದವು, ಒಂದೂ ತಾಗಲಿಲ್ಲ. ಯಜಮಾನರು ಎಡಕ್ಕೆ, ಇನ್ನೂ ಎಡಕ್ಕೆ, ಆ ಚೂಪುಕಲ್ಲನ್ನು ಚಕ್ರದ ಮೇಲೇ ತಗೋ, ನಡುವೆ ಬಿಡಬೇಡ ಎಂದು ಹೇಳುತ್ತಾ, ನಡುನಡುವೆ ಅಮ್ಮಾ ಎಂದು ನರಳುತ್ತಾ ಬಂದರು. ನಿಲ್ಲಿಸಲಾ ಎಂದರೆ ನಿಲ್ಲಿಸಿದರೆ ನೋಡು ಎಂದರು. ನೀರಿನ ಕೊಡ ಹೊತ್ತು ಹತ್ತುತ್ತಿದ್ದ ಹೆಂಗಸರು ದಾರಿ ಬಿಟ್ಟು ನಿಂತು, ಒಳಗೆ ಬಗ್ಗಿ ನೋಡಿ, ಅಯ್ಯೋ ನಮ್ಮ ಓಣಿಯವಳೇ ಕಣೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನನ್ನ ಕಣ್ಣು ಮಂಜಾಗುತ್ತಿತ್ತು. ಮಂಜಾದರೆ ಕಲ್ಲು ಕಾಣುವುದಿಲ್ಲವೆಂದು ಅಳುವುದನ್ನು ಮುಂದಕ್ಕೆ ಹಾಕಿದೆ.

ಮೇಸ್ತ್ರಿಯ ಮನೆಯ ಮುಂದೆ ಪೆಟ್ಟಿಗೆಗಳನ್ನು ಇಳಿಸಿದೆವು. ಅಲ್ಲಿಂದ ಎರಡು ಹೆಜ್ಜೆಗೆ ನನ್ನ ತವರು. ಬಾಗಿಲಿಗೆ ತಂದು ಗಾಡಿ ನಿಲ್ಲಿಸಿದೆ. ಯಜಮಾನರು ಬಾಗಿಲು ಹಿಡಿದುಕೊಂಡು ಇಳಿದು, ನಾವು ಬಂದ ದಾರಿಯನ್ನೊಮ್ಮೆ ತಿರುಗಿ ನೋಡಿದರು. ಕೆಳಗೆ ಗೂಡು ಕಾಣುತ್ತಿತ್ತು, ಅದರಾಚೆ ಸ್ಟ್ಯಾಂಡಿನ ಗಾಡಿಗಳ ಸಾಲೂ ಕಾಣುತ್ತಿತ್ತು.

"ಇಷ್ಟೇನಾ?" ಎಂದರು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಆದರೂ ಇಷ್ಟು ವರ್ಷಗಳ ಸಿಟ್ಟು ಒಂದೇ ಸಲಕ್ಕೆ ನೆತ್ತಿಗೇರಿತು.

"ಗಾಡೀಲಿ ಇಷ್ಟೇ," ಎಂದೆ. "ಮಗು ಎತ್ಕೊಂಡು ನಡೀರಿ, ಗೊತ್ತಾಗುತ್ತೆ ಎಷ್ಟು ಅಂತ."

ಅವರು ಮತ್ತೊಮ್ಮೆ ಕೆಳಗಿನ ರಸ್ತೆಯ ಕಡೆ ತಿರುಗಿದರು. ಆಮೇಲೆ, ರಸ್ತೆಯ ನೆಪ ಇತ್ತು ಕಣೇ, ಅಣ್ಣನನ್ನು ಎದುರುಹಾಕಿಕೊಳ್ಳುವ ಧೈರ್ಯ ಇರಲಿಲ್ಲ ಎಂದರು. ಅಷ್ಟು ಹೇಳಲು ಅವರಿಗೆ ಗುಡ್ಡ ಹತ್ತಿದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ನಾನು ಸಮಾಧಾನ ಹೇಳಲಿಲ್ಲ. ಹೇಳಬೇಕು ಅನಿಸಲಿಲ್ಲ. ಕೂರಲು ಒಂದು ಕುರ್ಚಿ ತರಿಸಿಕೊಟ್ಟೆ.

ಅಷ್ಟರಲ್ಲಿ ಓಣಿಯವರು ಸೇರಿದ್ದರು. ಒಬ್ಬಳು ಖಾಲಿ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದೇ ಬಿಟ್ಟಿದ್ದಳು. ಇನ್ನೊಬ್ಬರು ಬೆಳಗ್ಗೆ ಆಸ್ಪತ್ರೆಗೆ ಹೋಗಬೇಕಿತ್ತು ಎಂದರು. ಕೆಳಗೆ ಹೋಗಿ ಎಲ್ಲಿ ನಿಲ್ಲಿಸುತ್ತೀಯ ಇನ್ನು ಎಂದು ಯಜಮಾನರು ಕೇಳಿದರು. ಆ ಪ್ರಶ್ನೆ ನನ್ನದೂ ಆಗಿತ್ತು. ಗಾಡಿ ಹತ್ತಿ, ಮನೆ ಎದುರಿಗೇ ಇರುವ ಓಣಿಯ ನೀರಿನ ಟ್ಯಾಂಕಿನ ಮುಂದಿನ ಬಯಲಿನಲ್ಲಿ ಹಿಂದೆ ಮುಂದೆ ಮಾಡಿ, ಮೂತಿ ಇಳಿಜಾರಿಗೆ ಬರುವಂತೆ ತಿರುಗಿಸಿ, ರಸ್ತೆ ಬದಿಗೆ ಒತ್ತಿ ನಿಲ್ಲಿಸಿದೆ. ಹಿಂದೆ ಇನ್ನೊಂದು ಗಾಡಿ ಬಂದರೂ ನಿಲ್ಲಲು ಜಾಗ ಬಿಟ್ಟು, ಇಳಿದು ಕುರ್ಚಿಯ ಬಳಿ ಬಂದೆ.

ಯಜಮಾನರ ಫೋನು ಹೊಡೆದುಕೊಂಡಿತು. ನೋಡಿದರು. ಭಾವ. ಅವರು ಅದನ್ನು ಎತ್ತಲೂ ಇಲ್ಲ, ಬೋರಲು ಇಡಲೂ ಇಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಚಾಚಿ ನನಗೆ ಕೊಟ್ಟರು. ಕಿವಿಗಿಟ್ಟುಕೊಂಡೆ. ಎಲ್ಲಿದೀಯಾ ಎಂದು ಭಾವ ಕೂಗುತ್ತಿದ್ದರು.

"ಸ್ಟ್ಯಾಂಡಲ್ಲೇ ಇದೀನಿ ಭಾವ," ಎಂದೆ. "ಮೇಲಿನ ಸ್ಟ್ಯಾಂಡಲ್ಲಿ. ಗಾಡಿ ಖಾಲಿ ಇದೆ, ಯಾರಾದ್ರೂ ಬರೋರಿದ್ರೆ ಕಳಿಸಿ."